ಹಾಸಿಗೆ ಒದ್ದೆಯಾಗದ ದಿನಗಳು

ಅವತ್ತು ಬೆಳಿಗ್ಗೆ ಅವ್ವನ ಹಾಸಿಗೆಯ ಬಟ್ಟೆಗಳನ್ನು ಒಗೆದು ಡ್ರೈಯರಿಗೆ ತುಂಬಿ ಗುಂಡಿ ತಿರುಗಿಸಿದೆ. ಗುಂಯ್ ಅಂತ ಸದ್ದು ಬಂತು, ಒಳಗಿನ ಡಬ್ಬಿ ಮಾತ್ರ ತಿರುಗಲಿಲ್ಲ. ಬಟ್ಟೆ ಒಂದೇ ಕಡೆ ಭಾರವಾಗಿರಬೇಕೆಂದು ಎಲ್ಲವನ್ನೂ ಹೊರಗೆ ತೆಗೆದು, ಸುತ್ತಲೂ ಸಮನಾಗಿ ಹರಡಿ ಮತ್ತೆ ತಿರುಗಿಸಿದೆ. ಅದೇ ಗುಂಯ್. ಕೈಯಿಂದ ಒಂದು ಸುತ್ತು ತಿರುಗಿಸಿ ನೋಡೋಣವೆಂದರೆ ಡಬ್ಬಿ ಬಿಗಿಯಾಗಿ ಹಿಡಿದುಕೊಂಡಿತ್ತು. ಸ್ವಿಚ್ಚು ಆರಿಸಿ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟೆ.

ನಮ್ಮದು ಎರಡು ಬಾಯಿಯ ಮಷಿನ್ನು. ಒಂದರಲ್ಲಿ ಬಟ್ಟೆ ಒಗೆಯುವುದು, ಇನ್ನೊಂದರಲ್ಲಿ ಗಿರ್ರನೆ ತಿರುಗಿಸಿ ನೀರು ಹಿಂಡಿ ಮುಕ್ಕಾಲು ಒಣಗಿಸುವುದು. ಗಂಗಾವತಿಯಲ್ಲಿ ಬಿಸಿಲಿಗೇನು ಬರ, ಬೇರೆ ದಿನಗಳಲ್ಲಾದರೆ ಡ್ರೈಯರ್ ಕೆಟ್ಟಿದೆ ಅಂತ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಆ ವಾರ ಮಳೆ ಹಿಡಿದಿತ್ತು. ಜೋರಾಗಿ ಸುರಿದು ಹೋಗುವ ಮಳೆಯಲ್ಲ, ಮೂರು ಹೊತ್ತೂ ಜಿಟಿಜಿಟಿ. ನಡುವೆ ಒಂದಿಷ್ಟು ಹೊಳವಾದರೂ ಮಾಳಿಗೆಯ ಮೇಲೆ ಬಟ್ಟೆ ಹಾಕುವಂತಿರಲಿಲ್ಲ. ನಮ್ಮ ಓಣಿಯ ಹಿಂದೆಯೇ ಅಕ್ಕಿ ಗಿರಣಿಗಳು. ಹೊಟ್ಟು ಸುಟ್ಟ ಕರಿ ಬೂದಿ ಗಾಳಿಯಲ್ಲಿ ತೇಲಿ ಬಂದು ಒದ್ದೆ ಬಟ್ಟೆಯ ಮೇಲೆ ಕೂತರೆ ಮತ್ತೆ ಒಗೆಯಬೇಕು. ಅಂಥ ಬಟ್ಟೆಯನ್ನು ಅವ್ವನ ಮೈಗೆ ತಾಗಿಸುವ ಹಾಗಿರಲಿಲ್ಲ.

ಅವ್ವ ಚಳಿಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೇಲಿನ ಎಲುಬು ಮುರಿದುಕೊಂಡಿದ್ದಳು. ಆಪರೇಷನ್ ಮಾಡಿ ರಾಡು ಹಾಕಿದರೂ ಎದ್ದು ನಿಲ್ಲಲು ಆಗಲಿಲ್ಲ. ಮಾತು, ಬುದ್ಧಿ ಎಲ್ಲ ಮೊದಲಿನಂತೆಯೇ ಇತ್ತು, ಉಚ್ಚೆಯ ಹಿಡಿತ ಮಾತ್ರ ಹೋಗಿತ್ತು. ಅಂಗಡಿಯ ಡೈಪರ್ ಹಾಕಿ ನೋಡಿದೆವು. ನಮ್ಮೂರ ಸೆಕೆಗೆ ಮೈ ಬೆಂದು ಬೆನ್ನ ಕೆಳಗೆ ಹುಣ್ಣಾಯಿತು. ಡಾಕ್ಟರು ಅದನ್ನು ನೋಡಿ ಅವತ್ತೇ ನಿಲ್ಲಿಸಿದರು. "ಬರೇ ನೂಲಿನ ಬಟ್ಟಿ ಹಾಸ್ರಿ. ಒದ್ದಿ ಆದ ಕೂಡ್ಲೇ ಬದಲ ಮಾಡ್ರಿ. ಈ ಹುಣ್ಣು ಎಲುಬಿನ ತನಕ ಇಳೀತಂದ್ರ ಮುಂದ ನಮ್ಮ ಕೈಯಾಗ ಏನೂ ಇರೂದಿಲ್ಲ" ಅಂದರು.

ಹೊಸ ಬಟ್ಟೆ ಒರಟು ಅಂತ ನನ್ನ ಹೆಂಡತಿ ಅವ್ವನ ಹಳೆಯ ನೂಲಿನ ಸೀರೆಗಳನ್ನೇ ಹರಿದು ಮಡಿಕೆ ಹಾಕಿದಳು. ಭತ್ತದ ನಾಟಿಗೆ ಹೋಗುವಾಗ ಅವ್ವ ಉಡುತ್ತಿದ್ದ ಸೀರೆಗಳು ಅವು. ಒಗೆದು ಒಗೆದು ಹತ್ತಿಯ ಹಾಗೆ ಮೆತ್ತಗಾಗಿದ್ದವು. ಹೆಂಡತಿ ಹುಲಿಹೈದರದ ಕಡೆಯ ಸಾಲೆಯಲ್ಲಿ ಮಾಸ್ತರಿಕೆ ಮಾಡುತ್ತಾಳೆ. ಬೆಳಿಗ್ಗೆ ಕನಕಗಿರಿ ಬಸ್ಸು ಹಿಡಿದರೆ ಮನೆ ಸೇರುವುದು ಸಂಜೆಗೆ. ನಾನು ಪಡಸಾಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡು, ಬ್ಯಾನರು ಡಿಸೈನ್ ಮಾಡುವವನು. ಹೀಗಾಗಿ ಹಗಲಿನಲ್ಲಿ ಅವ್ವನನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಒದ್ದೆ ಬಟ್ಟೆ ತೆಗೆದು, ಒರೆಸಿ, ಪೌಡರ್ ಹಾಕಿ, ಬೇರೆ ಹಾಸುವಷ್ಟು ಹೊತ್ತೂ ಅವ್ವ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು. ನಾನೂ ಮಾತಾಡುತ್ತಿರಲಿಲ್ಲ. ಮುಗಿದ ಮೇಲೆ ಇಬ್ಬರೂ ಏನೂ ನಡೆದಿಲ್ಲ ಎನ್ನುವಂತೆ ಚಹಾದ ಮಾತು, ಕರೆಂಟಿನ ಮಾತು ಆಡುತ್ತಿದ್ದೆವು.

ರಿಪೇರಿಯವನಿಗೆ ಫೋನ್ ಮಾಡಿದೆ. ಅವನು ಕುಷ್ಟಗಿಯಲ್ಲಿ ಮದುವೆ ಮನೆಯಲ್ಲಿದ್ದ. ಹಿಂದಿನಿಂದ ಬ್ಯಾಂಡಿನ ಸದ್ದು ಕೇಳುತ್ತಿತ್ತು. "ನಾಳಿಲ್ಲ ನಾಡದ ಬರ್ತೀನ್ರಿ ಅಣ್ಣಾ" ಅಂದ. ಇನ್ನೊಬ್ಬನಿಗೆ ಮಾಡಿದೆ. ಎರಡು ಬಾಯಿಯ ಮಷಿನ್ನು ಅಂದ ಕೂಡಲೇ, "ಅವನ್ನ ಈಗ ಯಾರೂ ಮಾಡೂದಿಲ್ರಿ, ಹೊಸಾದ ತಗೋರಿ" ಅಂತ ಫೋನ್ ಇಟ್ಟ. ಹೊಸದು ಕೊಳ್ಳುವ ಸ್ಥಿತಿ ಇರಲಿಲ್ಲ. ಇದ್ದದ್ದೆಲ್ಲ ಅವ್ವನ ಕಾಲಿಗೆ ಹೋಗಿತ್ತು.

ನಾನೇ ಬಿಚ್ಚುವುದೆಂದು ತೀರ್ಮಾನಿಸಿದೆ. ಮಷಿನ್ನು ಎಳೆದು ಬೆನ್ನು ಈ ಕಡೆ ಮಾಡಿದೆ. ಹಿಂದಿನ ತಗಡಿನ ತಿರುಪುಗಳು ತುಕ್ಕು ಹಿಡಿದು, ಒಂದೆರಡರ ತಲೆಯೇ ಸವೆದುಹೋಗಿತ್ತು. ಇಕ್ಕಳದಿಂದ ಹಿಡಿದು ತಿರುವುವಾಗ ಕೈ ಜಾರಿ ತಗಡಿನ ಮೇಲೆ ಬಿತ್ತು. ಸದ್ದು ಕೇಳಿ ಒಳಗಿನಿಂದ ಅವ್ವ ಕೂಗಿದಳು.

"ಏನ ಬಿತ್ತೋ ತಮ್ಮಾ?"

"ಏನಿಲ್ಲವ್ವ, ಮಷಿನ್ ಸ್ವಲ್ಪ ತ್ರಾಸ ಕೊಡಾಕತ್ತೈತಿ. ನೋಡಾಕತ್ತೀನಿ."

"ಒಣಗಸೂದನು?"

"ಹ್ಞೂಂ. ಆಕೈತಿ ಬಿಡು."



ಫೋನಿನಲ್ಲಿ ಯಾರೋ ಹಿಂದಿಯಲ್ಲಿ ವಿವರಿಸುತ್ತಿದ್ದ ವಿಡಿಯೊ ಹಾಕಿಕೊಂಡು ಒಂದೊಂದೇ ನೋಡುತ್ತ ಹೋದೆ. ಸಣ್ಣ ಬಟ್ಟೆಯ ತುಂಡು ಡಬ್ಬಿಯ ಕೆಳಗೆ ಸಿಕ್ಕಿಕೊಂಡರೂ ತಿರುಗುವುದಿಲ್ಲವಂತೆ. ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ, ಏನೂ ಇರಲಿಲ್ಲ. ಮುಚ್ಚಳ ತೆಗೆದಾಗ ಬ್ರೇಕು ಹಿಡಿಯುತ್ತದೆ, ಹಾಕಿದಾಗ ತಂತಿ ಎಳೆದು ಬಿಡಿಸುತ್ತದೆ. ಆ ತಂತಿ ಸರಿಯಾಗಿಯೇ ಇತ್ತು. ಉಳಿದದ್ದು ಕಂಡೆನ್ಸರ್. ಮೋಟಾರಿಗೆ ಮೊದಲ ನೂಕು ಕೊಡುವುದು ಅದೇ, ಅದು ಸತ್ತರೆ ಮೋಟಾರು ಬರೀ ಗುಂಯ್‌ಗುಡುತ್ತದೆ ಅಂತ ವಿಡಿಯೊದವನು ಹೇಳಿದ. ನನಗೆ ಹೋದ ಜೀವ ಬಂದಂತಾಯಿತು. ಅವ್ವನಿಗೆ ಚಹಾ ಕೊಟ್ಟು, ಕೈಗೆ ಸಿಗುವ ಹಾಗೆ ನೀರಿನ ತಂಬಿಗೆ ಇಟ್ಟು, ಮಳೆಯಲ್ಲೇ ಗಾಡಿ ತೆಗೆದುಕೊಂಡು ಹೋಗಿ ಹೊಸ ಕಂಡೆನ್ಸರ್ ತಂದು ಹಾಕಿದೆ.

ಡಬ್ಬಿಯನ್ನು ಕೈಯಿಂದ ಬಲವಾಗಿ ಅಲುಗಿಸಿ ಸಡಿಲ ಮಾಡಿ ಗುಂಡಿ ತಿರುಗಿಸಿದೆ. ತಿರುಗಿತು! ಕೊಳವೆಯಿಂದ ನೀರು ಸುರಿಯತೊಡಗಿತು. ನಾನು ನಿಂತಲ್ಲೇ ನಕ್ಕುಬಿಟ್ಟೆ. ಆ ನಗು ಮುಗಿಯುವ ಮೊದಲೇ ವೇಗ ಇಳಿಯಿತು, ಸುಟ್ಟ ವಾಸನೆ ಬಂತು, ಕೆಳಗಿನಿಂದ ತೆಳ್ಳಗೆ ಹೊಗೆ ಎದ್ದಿತು. ಪ್ಲಗ್ಗು ಕಿತ್ತೆ. ಆಮೇಲೆ ಗುಂಯ್ ಎನ್ನುವ ಸದ್ದೂ ಬರಲಿಲ್ಲ.

ಮನೆ ತುಂಬ ಹಗ್ಗ ಕಟ್ಟಿದೆ. ಪಡಸಾಲೆ, ಅಡಿಗೆ ಮನೆ, ಕಂಪ್ಯೂಟರಿನ ತಲೆಯ ಮೇಲೆ, ಎಲ್ಲೆಲ್ಲೂ ಅವ್ವನ ಸೀರೆಯ ತುಂಡುಗಳು ಜೋತುಬಿದ್ದವು. ಫ್ಯಾನು ಎಷ್ಟು ತಿರುಗಿದರೂ ಆ ಹವೆಯಲ್ಲಿ ಒಣಗಲೇ ಇಲ್ಲ, ಮುಗ್ಗಲು ವಾಸನೆ ಹಿಡಿಯತೊಡಗಿತು. ಗ್ಯಾಸಿನ ಪಕ್ಕ ಕುರ್ಚಿ ಇಟ್ಟು ಅದರ ಮೇಲೆ ಒಂದನ್ನು ಹರವಿ ಅವ್ವನ ಕೋಣೆಗೆ ಹೋಗಿ ಬರುವಷ್ಟರಲ್ಲಿ ಅದರ ಅಂಚು ಕರಕಾಗಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಮನೆಗೇ ಬೆಂಕಿ. ಕಂಪ್ಯೂಟರಿನಲ್ಲಿ ಯಾರದೋ ಮದುವೆಯ ಕಾರ್ಡು ಅರ್ಧಕ್ಕೆ ನಿಂತಿತ್ತು. ಅವರು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ನಾನು ಎತ್ತಲಿಲ್ಲ.

ಸಂಜೆ ಹೆಂಡತಿ ತೋಯ್ಸಿಕೊಂಡು ಬಂದಳು. ಹಗ್ಗಗಳನ್ನೂ ಬಿಚ್ಚಿ ಹಾಕಿದ ಮಷಿನ್ನನ್ನೂ ನೋಡಿ ಇಸ್ತ್ರಿ ಪೆಟ್ಟಿಗೆ ತಂದು, ಒದ್ದೆ ತುಂಡುಗಳನ್ನು ಒಂದೊಂದಾಗಿ ಒತ್ತಿ ಒಣಗಿಸಲು ಕುಳಿತಳು. ಕೋಣೆಯ ತುಂಬ ಹಬೆ.

"ಎಷ್ಟ ಸಲ ಬದಲ ಮಾಡಿದ್ರಿ ಇವತ್ತ?" ಅಂತ ಕೇಳಿದಳು.

"ಮುಂಜಾನಿ ಮಾಡೀನಿ. ಮಧ್ಯಾಹ್ನ ಆದ ಮ್ಯಾಲೆ ಒದ್ದಿನ ಆಗಿಲ್ಲ."

"ಹೌದಾ? ಪುಣ್ಯಾ ಬಂತು ನೋಡ್ರಿ. ದೇವರ ಕಣ್ ತೆಗದಾನ."

ನನಗೂ ಹಾಗೇ ಅನ್ನಿಸಿತು. ಮರುದಿನವೂ ಅವ್ವನ ಹಾಸಿಗೆ ಹೆಚ್ಚು ಒದ್ದೆಯಾಗಲಿಲ್ಲ. ಮುಟ್ಟಿ ನೋಡಿದಾಗಲೆಲ್ಲ ಒಣಗಿಯೇ ಇತ್ತು. ಒಣ ಬಟ್ಟೆ ಮುಟ್ಟಿದಾಗ ನನಗಾಗುತ್ತಿದ್ದ ನೆಮ್ಮದಿಯನ್ನು ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಅವ್ವ ಸ್ವಲ್ಪ ಮಂಕಾಗಿದ್ದಳು. ಊಟ ಸೇರಲಿಲ್ಲ. ಮೋಡದ ಹವೆ, ಎಲುಬಿನ ನೋವು ಅಂದುಕೊಂಡೆ. "ನೀರ ಕುಡದ್ಯೇನವ್ವ?" ಅಂದರೆ "ಕುಡದೆ" ಅನ್ನುತ್ತಿದ್ದಳು. ತಂಬಿಗೆ ನೋಡಿದರೆ ಖಾಲಿ ಇರುತ್ತಿತ್ತು. ಮತ್ತೆ ತುಂಬಿ ಇಟ್ಟು ಮಷಿನ್ನಿನ ಹತ್ತಿರ ಹೋಗುತ್ತಿದ್ದೆ.

ಮೂರನೆಯ ದಿನ ರಿಪೇರಿಯವನು ಫೋನ್ ಎತ್ತಲಿಲ್ಲ. ನಾನೇ ಡ್ರೈಯರಿನ ಮೋಟಾರನ್ನು ಕೆಳಗಿನಿಂದ ಬಿಚ್ಚಿದೆ. ಆಗ ನಿಜವಾದ ರೋಗ ಕಂಡಿತು. ಡಬ್ಬಿಯ ನೀರು ಮೋಟಾರಿನ ಮೇಲೆ ಬೀಳದಂತೆ ತಡೆಯುವ ರಬ್ಬರ್ ಸೀಲು ಸೀಳಿಹೋಗಿತ್ತು. ಎಷ್ಟು ತಿಂಗಳಿಂದಲೋ ಹನಿಹನಿಯಾಗಿ ನೀರು ಇಳಿದು ಮೋಟಾರಿನ ಕಡ್ಡಿ ತುಕ್ಕು ಹಿಡಿದು ಬಿಗಿಯಾಗಿತ್ತು. ಹೊಸ ಕಂಡೆನ್ಸರ್ ಹಾಕಿ ಅದನ್ನು ಜುಲುಮೆಯಿಂದ ತಿರುಗಿಸಿದ್ದಕ್ಕೆ ಒಳಗಿನ ಸುರುಳಿ ಸುಟ್ಟಿತ್ತು. ತಳದಲ್ಲಿ ನಿಂತಿದ್ದ ತುಕ್ಕಿನ ನೀರನ್ನು ಬಕೆಟ್ಟಿಗೆ ಬಸಿದು, ಚೆಲ್ಲಲು ಮನೆಯ ಹಿಂದಿನ ಸಂದಿಗೆ ಹೋದೆ.

ಅವ್ವನ ಮಂಚದ ಪಕ್ಕದ ಕಿಟಕಿ ಇರುವುದು ಆ ಸಂದಿಯ ಕಡೆಗೆ. ಮೇಲೆ ಸಜ್ಜಾ ಇದ್ದದ್ದರಿಂದ ಅಲ್ಲಿಯ ಗೋಡೆಗೆ ಮಳೆ ತಾಗುವುದಿಲ್ಲ. ಕಿಟಕಿಯ ಕೆಳಗೆ ಸುಣ್ಣದ ಗೋಡೆಯ ಮೇಲೆ ಕಂದು ಬಣ್ಣದ ಗೆರೆಗಳು ಇಳಿದಿದ್ದವು. ಹತ್ತಿರ ಹೋಗಿ ನೋಡಿದೆ. ಚಹಾ. ಕೆಲವು ಗೆರೆಗಳು ಒಣಗಿ ಇರುವೆ ಮುತ್ತಿದ್ದವು, ಒಂದು ಇನ್ನೂ ಹಸಿಯಾಗಿತ್ತು. ಕೆಳಗಿನ ಕಲ್ಲಿನ ಮೇಲೆ ಮಜ್ಜಿಗೆಯ ಬಿಳಿ. ಅದರ ಸುತ್ತ ನೀರಿನ ಮಡು.

ಬಕೆಟ್ಟು ಅಲ್ಲೇ ಬಿಟ್ಟು ಒಳಗೆ ಓಡಿದೆ. ಅವ್ವ ಕಣ್ಣು ತೆರೆದೇ ಮಲಗಿದ್ದಳು. ತುಟಿ ಬಿರಿದಿತ್ತು. ಯಾಕೆ ಇದನ್ನು ನಾನು ಬೆಳಿಗ್ಗೆ ಕಾಣಲಿಲ್ಲವೋ ಗೊತ್ತಿಲ್ಲ.

"ಅವ್ವ, ನೀರ ಕುಡದಿಲ್ಲ ನೀ. ಕಿಟಕ್ಯಾಗ ಚೆಲ್ಲೀಯಲ್ಲ?"

ಅವಳು ನನ್ನನ್ನೇ ನೋಡಿದಳು. "ಅಣ್ಣಾ, ಕಾಲುವಿಗೆ ನೀರ ಬಿಟ್ಟಾರೇನೋ? ಸಸಿ ಒಣಗಾಕತ್ತಾವ" ಅಂದಳು. ಅವ್ವನ ಅಣ್ಣ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ತಲೆಯೆತ್ತಿ ತಂಬಿಗೆ ಬಾಯಿಗೆ ಹಿಡಿದರೆ ತುಟಿ ಬಿಗಿದುಕೊಂಡಳು. ಚಮಚದಲ್ಲಿ ಹಾಕಿದರೆ ನೀರು ಕಟವಾಯಿಯಿಂದ ಇಳಿದುಹೋಯಿತು. "ಕುಡಿಯವ್ವ, ನಿನ್ನ ಕಾಲ ಬೀಳ್ತೀನಿ, ಕುಡಿ" ಅಂತ ನಾನು ಅಳುತ್ತಿದ್ದೆ. ಅವಳಿಗೆ ಅದು ಕೇಳುತ್ತಿರಲಿಲ್ಲ. ಹೆಂಡತಿಗೆ ಫೋನ್ ಹಚ್ಚಿದರೆ ಸಾಲೆಯಲ್ಲಿ ಸಿಗ್ನಲ್ ಇಲ್ಲ. ಪಕ್ಕದ ಮನೆಯ ಅಕ್ಕನನ್ನು ಕೂಗಿದೆ. ಇಬ್ಬರೂ ಸೇರಿ ಅವ್ವನನ್ನು ಕೌದಿಯ ಸಮೇತ ಎತ್ತಿ ಆಟೋದಲ್ಲಿ ಮಲಗಿಸಿದೆವು. ಕಾಲು ಮಡಿಸುವಂತಿಲ್ಲ, ಹೊರಗೆ ಚಾಚಿದ ಪಾದದ ಮೇಲೆ ಮಳೆ ಬೀಳುತ್ತಿತ್ತು. ಆಟೋ ಗುಂಡಿಗೆ ಬಿದ್ದಾಗಲೆಲ್ಲ ಅವ್ವ ನರಳುತ್ತಿದ್ದಳು. ಆ ನರಳುವಿಕೆ ನಿಂತರೆ ಏನು ಗತಿ ಅಂತ ನಾನು ಅದನ್ನೇ ಕಿವಿಗೊಟ್ಟು ಕೇಳುತ್ತ ಕೂತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವ್ವನ ಕೈಯ ಚರ್ಮ ಎಳೆದು ಬಿಟ್ಟರು. ಅದು ಎಳೆದಲ್ಲೇ ನಿಂತಿತು.

"ಮೈಯಾಗ ನೀರ ಇಲ್ಲಲ್ರೀ. ಉಚ್ಚಿ ಯಾವಾಗ ಮಾಡ್ಯಾರ?"

"ನಿನ್ನೆ... ನಿನ್ನೆ ಸ್ವಲ್ಪ" ಅಂದೆ.

"ಮತ್ತ ನಿಮಗ ಗೊತ್ತಾಗಲಿಲ್ಲೇನ್ರಿ? ಇನ್ನೊಂದ ದಿನ ಬಿಟ್ಟಿದ್ರ ಕಿಡ್ನಿ ಕೈ ಕೊಡ್ತಿತ್ತು. ಈಗೂ ಏನೂ ಹೇಳಾಕ ಬರಂಗಿಲ್ಲ."

ಸಲೈನ್ ಹಚ್ಚಲು ನರ ಸಿಗಲಿಲ್ಲ. ಎರಡೂ ಕೈಗೆ ಚುಚ್ಚಿ ಚುಚ್ಚಿ ಕೊನೆಗೆ ಪಾದದಲ್ಲಿ ಸಿಕ್ಕಿತು. ಸಂಜೆ ಹೆಂಡತಿ ಬಸ್ ನಿಲ್ದಾಣದಿಂದ ನೇರವಾಗಿ ಬಂದಳು. ಗೋಡೆಯ ಗೆರೆಗಳ ಮಾತು ಹೇಳಿದೆ. ಅವಳು ಅವ್ವನ ಕಾಲ ಹತ್ತಿರ ಕುಳಿತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಪುಣ್ಯಾ ಬಂತು ಅಂದ್ನಲ್ರೀ ನಾ" ಅಂತ ಅದೊಂದೇ ಮಾತು ಅನ್ನುತ್ತಿದ್ದಳು.

ಮರುದಿನ ಅವಳು ರಜೆ ಹಾಕಿ ಅವ್ವನ ಹತ್ತಿರ ಕುಳಿತಳು, ನನ್ನನ್ನು ಬಟ್ಟೆ ತರಲು ಮನೆಗೆ ಕಳಿಸಿದಳು. ಆಸ್ಪತ್ರೆಯಲ್ಲಿಯೂ ಹಾಸಲು ನಮ್ಮದೇ ಬಟ್ಟೆ ಬೇಕು. ಬಾಗಿಲು ತೆಗೆದರೆ ಮನೆಯೆಲ್ಲ ಮುಗ್ಗಲು. ಹಗ್ಗದ ಮೇಲೆ ಒಣಗದ ತುಂಡುಗಳು, ನೆಲದ ಮೇಲೆ ಹೊಟ್ಟೆ ಬಗೆದ ಮಷಿನ್ನು, ಪಕ್ಕದಲ್ಲಿ ಸುಟ್ಟ ಮೋಟಾರು. ಅದನ್ನು ಎತ್ತಿ ಗೋಡೆಗೆ ಅಪ್ಪಳಿಸಬೇಕೆನಿಸಿತು. ಎತ್ತಿಯೂ ಎತ್ತಿದೆ. ಆದರೆ ಅವ್ವ ಬದುಕಿ ಮನೆಗೆ ಬಂದರೆ ಮತ್ತೆ ಇದೇ ಬೇಕಲ್ಲ. ಬರಲಿ, ಬಂದೇ ಬರಲಿ ಅಂದುಕೊಂಡು ಅದನ್ನು ಚೀಲಕ್ಕೆ ಹಾಕಿ ವೈಂಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವರು, ಇದಕ್ಕೆ ಸುರುಳಿ ಸುತ್ತಿದರೂ ಬಹಳ ದಿನ ಬಾಳುವುದಿಲ್ಲ ಅಂದು, ಅದೇ ಅಳತೆಯ ಬೇರೆ ಮೋಟಾರು ಹುಡುಕಿ ಕೊಟ್ಟರು. ರಬ್ಬರ್ ಸೀಲು ಅವರಲ್ಲಿ ಇರಲಿಲ್ಲ. ಅದು ಕೊಪ್ಪಳದಲ್ಲಿ ಸಿಗುತ್ತದೆ ಎಂದು ಫೋನ್ ಮಾಡಿ ಗೊತ್ತುಮಾಡಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೆಂಡತಿಯ ಫೋನು ಬಂದೀತೆಂಬ ಹೆದರಿಕೆ, ಬರಲಿಲ್ಲವೆಂದರೆ ಅದಕ್ಕೂ ಹೆದರಿಕೆ.

ಮಧ್ಯಾಹ್ನ ವಾಪಸು ಬಂದು ಕುಳಿತೆ. ಹಳೆಯ ಸೀಲು ಕಿತ್ತು, ಅದರ ಜಾಗ ಉಜ್ಜಿ, ಹೊಸದನ್ನು ಕೂರಿಸಿದೆ. ಮೋಟಾರನ್ನು ಸ್ಪ್ರಿಂಗುಗಳ ಮೇಲೆ ನಿಲ್ಲಿಸಿ, ಬ್ರೇಕಿನ ತಂತಿ ಸಿಕ್ಕಿಸಿ, ವೈರು ಬಣ್ಣಕ್ಕೆ ಬಣ್ಣ ಜೋಡಿಸಿ ಟೇಪು ಸುತ್ತಿದೆ. ಗುಂಡಿ ತಿರುಗಿಸಿದಾಗ ಡಬ್ಬಿ ಎರಡೂ ಕಡೆ ಧಡಧಡ ಬಡಿದುಕೊಂಡು ಮಷಿನ್ನು ಜಾಗ ಬಿಟ್ಟು ಓಡಾಡಿತು. ಇದೂ ಕೆಟ್ಟಿತೆಂದು ಪ್ಲಗ್ಗು ಕಿತ್ತೆ. ಮತ್ತೆ ಕೆಳಗೆ ಬ್ಯಾಟರಿ ಬಿಟ್ಟು ನೋಡಿದರೆ ಮೋಟಾರಿನ ಕಡ್ಡಿಗೆ ಡಬ್ಬಿಯನ್ನು ಹಿಡಿದಿಡುವ ಬೋಲ್ಟು ಸಡಿಲವಾಗಿತ್ತು. ಬಿಗಿ ಮಾಡಿದೆ. ಈ ಸಲ ಡಬ್ಬಿ ಒಂದೇ ಹದದಲ್ಲಿ ತಿರುಗಿತು. ಹಗ್ಗದ ಮೇಲಿನದನ್ನೆಲ್ಲ ಮತ್ತೆ ಒಗೆದು, ಡ್ರೈಯರಿಗೆ ಹಾಕಿ, ಮೇಲೊಮ್ಮೆ ಇಸ್ತ್ರಿ ಎಳೆದು, ಚೀಲದಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಹೋದೆ.

ಅವ್ವನಿಗೆ ಎಚ್ಚರವಿತ್ತು. ನನ್ನ ಗುರುತು ಹಿಡಿದಳು. ಹೆಂಡತಿ ಗಂಜಿ ತರಲು ಹೋದಾಗ ಪಕ್ಕದಲ್ಲಿ ಕುಳಿತೆ.

"ಯಾಕವ್ವ ಹಂಗ ಮಾಡಿದಿ?"

ಅವಳು ಗೋಡೆಯ ಕಡೆ ತಿರುಗಲಿಲ್ಲ. ಮೇಲಿನ ಫ್ಯಾನು ನೋಡುತ್ತ ಹೇಳಿದಳು. "ನಾಟಿ ಹಚ್ಚಾಕ ಹ್ವಾದಾಗ ನಾವು ಹೆಣಮಕ್ಕಳು ನೀರ ಕುಡೀತಿದ್ದಿಲ್ಲೋ ತಮ್ಮಾ. ಸುತ್ತ ಬಯಲು, ಗಂಡಸರು ಇರ್ತಿದ್ರು. ಎಲ್ಲಿ ಕುಂದ್ರೂದು? ಮುಂಜಾನಿ ಒಂದ ಗುಟಕ ಕುಡದ್ರ ಹೊತ್ತ ಮುಣಗೂ ತನಕ ತಡೀತಿದ್ವಿ. ಆ ರೂಢಿ ಐತಿ ನನಗ. ನಿನ್ನ ಮಷಿನ್ ಛಲೋ ಆಗೂ ತನಕ ತಡದ್ರಾತು ಅಂದ್ಕೊಂಡೆ."

"ಮಷಿನ್ ಹಾಳಾಗಿ ಹೋಗಲಿ ಅವ್ವ. ನನಗ ಹೇಳಬಾರದಾಗಿತ್ತೇನು?"

"ಏನಂತ ಹೇಳಲಿ? ಮಗನ ಕೈಲೆ ಇದನ್ನೆಲ್ಲ ಒಗಸ್ಕೊಂತೀನಿ. ನೀ ಅಲ್ಲಿ ಬಡದಾಡೂ ಸಪ್ಪಳ ಇಲ್ಲಿ ಕೇಳತಿತ್ತು."

"ನಾ ಸಣ್ಣಾಂವ ಇದ್ದಾಗ ನೀ ಒಗದಿಲ್ಲೇನು?"

"ಅದು ಬ್ಯಾರೆ" ಅಂದಳು. ಕಣ್ಣಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು.

ನಾನು ಒರೆಸಿದೆ. "ನೀ ಒದ್ದಿ ಮಾಡಿದ್ರ ನನಗ ನೀ ಛಲೋ ಇದ್ದಿ ಅಂತ ಗೊತ್ತಾಗತೈತಿ. ಒಣಗಿದ್ರ ಹೆದರಿಕಿ ಆಗತೈತಿ. ಇಷ್ಟ ತಿಳಕೋ" ಅಂದೆ.

ಕಿಡ್ನಿ ಉಳಿಯಿತು. ಮನೆಗೆ ಬಂದ ಮೇಲೂ ನಮಗೆ ನಂಬಿಕೆ ಬರಲಿಲ್ಲ. ಅವ್ವ ನೀರು ಕುಡಿಯುವಾಗ ಯಾರಾದರೂ ಒಬ್ಬರು ಎದುರಿಗೆ ಕೂತಿರುತ್ತಿದ್ದೆವು, ಗಂಟಲು ಅಲುಗುವುದನ್ನು ನೋಡುತ್ತಿದ್ದೆವು. ಅದು ಅವಳಿಗೆ ಹಿಡಿಸುತ್ತಿರಲಿಲ್ಲ. "ಕಳ್ಳರನ್ನ ಕಾದಂಗ ಕಾಯ್ತೀರಿ" ಅಂತ ಬೈಯುತ್ತಿದ್ದಳು. ಆ ಬೈಗುಳವಾದರೂ ಬರುತ್ತಿದೆಯಲ್ಲ ಎಂದು ಕೇಳಿಸಿಕೊಳ್ಳುತ್ತಿದ್ದೆವು. ಬೆನ್ನಿನ ಹುಣ್ಣು ಆಸ್ಪತ್ರೆಯಲ್ಲಿದ್ದಾಗ ಇನ್ನಷ್ಟು ಆಳವಾಗಿತ್ತು. ಅದಕ್ಕೆ ದಿನಾ ಡ್ರೆಸ್ಸಿಂಗ್ ಮಾಡುವುದನ್ನು ಹೆಂಡತಿ ಕಲಿತಳು. ನೋವಿಗೆ ಅವ್ವ ಹಲ್ಲು ಕಚ್ಚುತ್ತಿದ್ದಳು. ಕೆಲವು ದಿನ ಇದು ಮಾಯುವುದೇ ಇಲ್ಲ ಅನ್ನಿಸುತ್ತಿತ್ತು.

ಒಂದು ದಿನ ಬೆಳಿಗ್ಗೆ, ಹೆಂಡತಿ ಬಸ್ಸಿಗೆ ಹೋದ ಮೇಲೆ, ನಾನು ಕಂಪ್ಯೂಟರಿನ ಮುಂದೆ ಕುಳಿತಿದ್ದೆ. ಅಲ್ಲಿಯವರೆಗೆ ಹಾಸಿಗೆ ಒದ್ದೆಯಾಗಿದೆ ಎಂದು ಅವ್ವ ತಾನಾಗಿ ಎಂದೂ ಹೇಳಿರಲಿಲ್ಲ. ನಾವೇ ಹೋಗಿ ಮುಟ್ಟಿ ನೋಡುವವರೆಗೆ ಅದರಲ್ಲೇ ಮಲಗಿರುತ್ತಿದ್ದಳು. ಅವತ್ತು ಒಳಗಿನಿಂದ ಜೋರಾಗಿ ಕೂಗಿದಳು.

"ತಮ್ಮಾ! ಏ ತಮ್ಮಾ! ಎಲ್ಲಾ ಒದ್ದಿ ಆಗೈತಿ ನೋಡ ಬಾರೋ!"

ಬೀದಿಗೆ ಕೇಳುವಷ್ಟು ಜೋರಾಗಿತ್ತು ಆ ದನಿ. "ಬಂದೆ ಅವ್ವ" ಅಂತ ನಾನೂ ಅಷ್ಟೇ ಜೋರಾಗಿ ಕೂಗಿ ಎದ್ದು ಹೋದೆ.